ಹದಿನೆಂಟು ಕಿಲೋ ಓಮ್

ಉಲಾನ್‌ಬಾತರ್, ಜನವರಿ. ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಒಳಗೆ ಬಿಸಿನೀರ ಕೊಳವೆಗಳು ಗಾಳಿಯ ಪಸೆಯನ್ನೆಲ್ಲ ಹೀರಿ
ಬಾಗಿಲ ಹಿಡಿ ಮುಟ್ಟಿದರೆ ಚಿಟ್ಟನೆ ಕಿಡಿ.
ಇಂಥ ಹವೆಯಲ್ಲಿ ಸ್ಪಂಜು
ತಲೆಗೆ ಕಟ್ಟಿ ಮುಗಿಸುವುದರೊಳಗೆ ಒಣಗಿರುತ್ತದೆ.

ಎರಡನೇ ಕುರ್ಚಿಯಲ್ಲಿ ಲುವ್ಸಾನ್‌ದಾಶ್, ಎಪ್ಪತ್ತಮೂರು.
ಅಕ್ಟೋಬರಿನ ಒಂದು ಬೆಳಗ್ಗೆ ಎಡಮಿದುಳಿಗೆ ರಕ್ತ ನಿಂತು
ಮಾತು ಹೋಯಿತು.
ಪೂರ್ತಿ ಅಲ್ಲ. ಒಂದು ಉಳಿದಿದೆ:
"ನಾಯಿ ಹಿಡೀರಿ!"
ನಮ್ಮಲ್ಲಿ ಯಾರ ಗುಡಾರಕ್ಕೆ ಹೋದರೂ
ಬಾಗಿಲು ತಟ್ಟುವುದಿಲ್ಲ, ದೂರದಿಂದಲೇ ಹೀಗೆ ಕೂಗುತ್ತೇವೆ.
ಈಗ ಹಸಿವಿಗೂ ಅದೇ, ನೋವಿಗೂ ಅದೇ,
ಮಗಳು ಉಯಂಗಾ ಕೋಟು ಬಿಚ್ಚಿಸಿದರೆ
ಅದಕ್ಕೂ ಅದೇ.

ಯಂತ್ರ ಒಪ್ಪುತ್ತಿಲ್ಲ. ಹದಿನೆಂಟು ಕಿಲೋ ಓಮ್.
ಹತ್ತು ದಾಟಿದರೆ ಅದು ಕೆಂಪು ದೀಪ ಹಚ್ಚಿ ಕೂರುವ ಜಾತಿ.
ಎರಡು ಮಿಲಿ ಆಂಪಿಯರ್, ಇಪ್ಪತ್ತು ನಿಮಿಷ,
ಇರುವೆ ನಡೆದಷ್ಟು ಕರೆಂಟು,
ಅದಕ್ಕೂ ದಾರಿಯಿಲ್ಲವಂತೆ.

ಸರಿ, ಮೊದಲಿಂದ.
ಸ್ಪಂಜಿಗೆ ಮತ್ತೆ ಉಪ್ಪುನೀರು. ಹದಿನೈದು.
(ಉಪ್ಪು ತಿಂದವನು ನೀರು ಕುಡಿಯಬೇಕು, ಸ್ಪಂಜು ಎರಡನ್ನೂ ಒಟ್ಟಿಗೆ.)
ಹೆಚ್ಚು ಸುರಿದರೆ ನೀರು ಹಣೆಗಿಳಿದು
ಕರೆಂಟು ಮಿದುಳು ಬಿಟ್ಟು ಚರ್ಮದ ಮೇಲೇ ಅಡ್ಡದಾರಿ ಹಿಡಿಯುತ್ತದೆ.
ಕತ್ತಿನ ಹನಿ ಒರೆಸಿದೆ.
ಆಮೇಲೆ ಕೂದಲು. ಈ ವಯಸ್ಸಿಗೂ ಕುದುರೆಯ ಜೂಲಿನಷ್ಟು ದಟ್ಟ!
ಬಾಚಣಿಗೆಯ ಬಾಲದಿಂದ ಬೈತಲೆ ತೆಗೆದು, ಬಿಡಿಸಿ,
ಬಿಳಿಯ ಚರ್ಮ ಕಾಣುವವರೆಗೂ ಬಿಡಿಸಿ,
ಸ್ಪಿರಿಟ್ಟಿನಲ್ಲಿ ಉಜ್ಜಿ,
ರಬ್ಬರು ಪಟ್ಟಿ ಒಂದು ತೂತು ಬಿಗಿದೆ.
ಹದಿನಾಲ್ಕು. ಹದಿನಾಲ್ಕು. ಹದಿನೆಂಟು.

ತಲೆ ಕೆಟ್ಟಿತು. ನನ್ನದು.
ಆಸ್ಪತ್ರೆಯ ಇಡೀ ಮಹಡಿಗೆ ಇದೊಂದೇ ಯಂತ್ರ,
ರಿಪೇರಿಯವರು ಸೋಲ್‌ನಲ್ಲಿ,
ಅವರ ಉತ್ತರ ಸೋಮವಾರ.
ಉಯಂಗಾ ಫ್ಲಾಸ್ಕಿನ ಉಪ್ಪು ಚಹಾ ಬಗ್ಗಿಸಿ
"ಇದನ್ನೇ ಹಾಕಿ ನೋಡೋಣವಾ?" ಎಂದಳು.
ನಗು ಬರಲಿಲ್ಲ. ಆಮೇಲೆ ಬಂತು.

ಆಗ ಅವರ ಎಡಗೈ ಎದ್ದಿತು.
ಬಲಗೈ ತೊಡೆಯ ಮೇಲೆ ಯಾರದೋ ವಸ್ತುವಿನಂತೆ ಬಿದ್ದಿತ್ತು,
ಎಡಗೈ ತಂತಿಯನ್ನು ತಲೆಯ ಹತ್ತಿರ ಹಿಡಿದು
ಹೆಬ್ಬೆರಳು ಒತ್ತುತ್ತ, ಗೇಣು ಗೇಣೇ
ಯಂತ್ರದ ಕಡೆಗೆ ಸರಿಯತೊಡಗಿತು.
ಅವಸರವಿಲ್ಲ. ಕಣ್ಣು ಮುಚ್ಚಿದೆ.
"ಅಪ್ಪ ಟೆಲಿಫೋನ್ ಲೈನಿನವರು," ಎಂದಳು ಉಯಂಗಾ,
"ಮೂವತ್ತೆರಡು ವರ್ಷ. ಮೋಟಾರ್ ಸೈಕಲ್ಲಿನಲ್ಲಿ,
ಕಂಬದಿಂದ ಕಂಬಕ್ಕೆ."

ಪ್ಲಗ್ಗಿಗೆ ಎರಡು ಬೆರಳು ಇರುವಾಗ ಕೈ ನಿಂತಿತು.
ಅಲ್ಲಿ ತುಸು ಬಾಗಿಸಿದರು: ನಾಲ್ಕು.
ಬಿಟ್ಟರು: ಹದಿನೆಂಟು.
ಮತ್ತೆ ಬಾಗಿಸಿ ನನ್ನನ್ನು ನೋಡಿದರು,
ದಡ್ಡ ಶಿಷ್ಯನನ್ನು ನೋಡುವ ಹಾಗೆ.
ಹೊರಗಿನ ಪ್ಲಾಸ್ಟಿಕ್ಕು ನುಣ್ಣಗಿದೆ, ಹೊಚ್ಚ ಹೊಸದರಂತೆ;
ಒಳಗೆ ತಾಮ್ರ
ಕೂದಲೆಳೆಯಷ್ಟು ಹರಿದಿದೆ.

ನಾನು ಒಂದು ಗಂಟೆಯಿಂದ
ಅವರ ತಲೆಯಲ್ಲೇ ತಪ್ಪು ಹುಡುಕುತ್ತಿದ್ದೆ.

ಕಪಾಟಿನ ಹಳೆಯ ಪೆಟ್ಟಿಗೆಯಲ್ಲಿ ಇನ್ನೊಂದು ತಂತಿ ಸಿಕ್ಕಿತು, ಬಣ್ಣ ಬೇರೆ.
ಐದೂವರೆ. ಹಸಿರು ದೀಪ.
ದೋಷದ ಪುಸ್ತಕದಲ್ಲಿ ಬರೆದೆ: ತಂತಿ ಸಂಖ್ಯೆ ಎರಡು, ಒಳಮುರಿತ.
ಪತ್ತೆ ಮಾಡಿದವರು: ಲುವ್ಸಾನ್‌ದಾಶ್.
ಹುದ್ದೆ ಎಂಬಲ್ಲಿ 'ರೋಗಿ' ಎಂದು ಬರೆದು, ಹೊಡೆದುಹಾಕಿ,
'ಲೈನ್‌ಮನ್' ಎಂದು ಬರೆದೆ.

ಕರೆಂಟು ಮೆಲ್ಲಗೆ ಏರಿತು. ನೆತ್ತಿಯಲ್ಲಿ ತುರಿಕೆ ಎಂಬಂತೆ
ಅವರ ಹುಬ್ಬು ಕುಣಿಯಿತು.
ಬಟ್ಟಲಿನ ಚಿತ್ರ ತೋರಿಸಿದೆ. ಕುದುರೆ. ಕೀಲಿಕೈ.
ಪ್ರತಿಯೊಂದಕ್ಕೂ ಅವರು ತುಟಿ ಹೊಂದಿಸಿ,
ಬಹಳ ಹೊತ್ತು ಹೊಂದಿಸಿ,
ಕೊನೆಗೆ, "ನಾಯಿ ಹಿಡೀರಿ."

ಹಿಡಿದಿದ್ದೇನೆ ಅಜ್ಜ,
ಎರಡೂ ಕೈಯಲ್ಲಿ ಹಿಡಿದಿದ್ದೇನೆ.
ಬನ್ನಿ.