ಕೂಗಳತೆ

ಮೇ ತಿಂಗಳ ಕೊನೆ. ಫಿನ್‌ಮಾರ್ಕಿನಲ್ಲಿ ಈಗ ರಾತ್ರಿಯೆಂಬುದು
ಬರೀ ಗಡಿಯಾರದ ಮಾತು.
ಅರೆ ಕರಗಿದ ಹಿಮದ ಮೇಲೆ ನಾನು ಟೇಪು ಹಾಸುತ್ತೇನೆ,
ಆಸ್ಲಾತ್ ಇನ್ನೊಂದು ತುದಿ ಹಿಡಿದು ಹಿಂದಹಿಂದಕ್ಕೆ ನಡೆಯುತ್ತಾನೆ.
ಒಂದು ಮೀಟರು. ಎರಡು. ನಾಲ್ಕು. ಎಂಟು.
ಅವನ ಅಂಗೈಯಲ್ಲಿ ಕರುವಿನ ಕಿವಿಗೆ ಹಾಕುವ ಗುಂಡಿ,
ಸೆಕೆಂಡಿಗೊಮ್ಮೆ ತನ್ನ ನಂಬರು ತಾನೇ ಹೇಳಿಕೊಳ್ಳುತ್ತದೆ.
ನನ್ನ ಕೈಯಲ್ಲಿ ತಾಯಿಯ ಕೊರಳಪಟ್ಟಿ,
ಕಿವಿಗೊಟ್ಟು, ಕೇಳಿದ್ದು ಎಷ್ಟು ಕ್ಷೀಣವೆಂದು ಬರೆದಿಡುತ್ತದೆ.
ಅದರ ಕಸುಬು ಅಷ್ಟೇ.
ದೂರ ಅದಕ್ಕೆ ಗೊತ್ತಿಲ್ಲ. ದೂರ ನನ್ನ ಊಹೆ.

ಮೈನಸ್ ನಲವತ್ತೆರಡು. ಮೈನಸ್ ನಲವತ್ತೆಂಟು.
ದೂರ ಇಮ್ಮಡಿಸಿದಾಗಲೆಲ್ಲ ಆರು ಡೆಸಿಬೆಲ್ ಸುಂಕ;
ಬಟ್ಟಬಯಲಿನ ದರ ಅದು.
ಬರ್ಚ್ ಮರಗಳ ನಡುವೆ ಇನ್ನಷ್ಟು ಕೀಳುತ್ತಾರೆ,
ಹಸಿ ಹಿಮ ಕೇಳಿದಷ್ಟು ತೆರಬೇಕು,
ಬಂಡೆಯೊಂದು ಬಿದ್ದ ಮಾತನ್ನು ಮರಳಿಸಿ
ಇಲ್ಲೇ ಇದೆಯೆಂದು ಸುಳ್ಳುಸಾಕ್ಷಿ ಹೇಳುವುದೂ ಉಂಟು.
ಮೂರು ಡೆಸಿಬೆಲ್ ತಪ್ಪಿದರೆ ಐದು ಮೀಟರು ಏಳಾಗುತ್ತದೆ,
ಐವತ್ತು, ಎಪ್ಪತ್ತು.
ಹತ್ತಿರ ಸಣ್ಣಗಿದ್ದ ತಪ್ಪು
ದೂರ ಹೋದಂತೆ ಮೈತುಂಬಿಕೊಳ್ಳುತ್ತದೆ.

ರಿಸ್ತೆನ್ ಒಲೆಯ ಬಳಿ ಕೂತು
ಕಾಫಿಗೆ ಗಿಣ್ಣಿನ ಚೂರು ಇಳಿಬಿಡುತ್ತ ನಮ್ಮನ್ನು ನೋಡುತ್ತಾಳೆ.
ಅವಳ ಭಾಷೆಯಲ್ಲೊಂದು ಅಳತೆಯಿದೆಯಂತೆ:
ನಾಯಿ ಬೊಗಳಿದರೆ ಕೇಳುವಷ್ಟು ದೂರ.
ಯಾವ ನಾಯಿ, ಎಂದೆ. ಗಾಳಿ ಯಾವ ಕಡೆಗೆ?
"ಅದು ಗೊತ್ತಿದ್ದವರೇ ಅಳೆಯುತ್ತಿದ್ದರು," ಎಂದಳು,
ನನಗೂ ಒಂದು ಲೋಟ ಬಗ್ಗಿಸಿದಳು.

ಒಂಬತ್ತನೆಯ ದಿನ, ಎರಡು ಗಂಟೆಯ ಬಿಸಿಲಿಲ್ಲದ ಬೆಳಕು.
ಮೂವತ್ತೊಂದನೆಯ ನಂಬರಿನ ಹಿಮಸಾರಂಗ, ಅದರ ಕರು.
ಮೈನಸ್ ಐವತ್ತನಾಲ್ಕು: ನಾಲ್ಕು ಮೀಟರು.
ಅರವತ್ತೊಂದು: ಒಂಬತ್ತು.
ಆಮೇಲೆ ಒಮ್ಮೆಗೇ ಎಪ್ಪತ್ತೇಳು,
ಅಲ್ಲಿಗೆ ನಿಂತಿತು. ಐವತ್ತಾರು ಮೀಟರು,
ಅಲುಗಾಟವಿಲ್ಲ.
ಹಿಂದಿನ ದಿನವಷ್ಟೇ ಹಳ್ಳದ ಬದಿಯಲ್ಲಿ
ವುಲ್ವರೀನಿನ ಹೆಜ್ಜೆ ಕಂಡಿದ್ದೆವು.

ನಾನೇ ಎಬ್ಬಿಸಿದೆ. ಮೂವರೂ ಓಡಿದೆವು,
ಮೊಣಕಾಲುದ್ದ ಹುಗಿಯುವ ಹಿಮದಲ್ಲಿ ಓಟವೆನ್ನಬಹುದಾದರೆ.
ಆಸ್ಲಾತ್ ನಾಯಿಯ ಬಾಯಿ ಹಿಡಿದಿದ್ದ.
ದಿಣ್ಣೆಯ ಮೇಲೆ ರಿಸ್ತೆನ್ ದುರ್ಬೀನು ಎತ್ತಿದಳು,
ಬಹಳ ಹೊತ್ತು ಇಳಿಸಲಿಲ್ಲ,
ಆಮೇಲೆ ಏನೂ ಹೇಳದೆ ನನ್ನ ಕೈಗಿತ್ತಳು.

ಬಂಡೆಯ ಮರೆಯಲ್ಲಿ ತಾಯಿ ಮಲಗಿತ್ತು.
ಹೊಟ್ಟೆಗೊತ್ತಿಕೊಂಡು, ಮಡಚಿಟ್ಟ ಕಂಬಳಿಯಂತೆ, ಕರು.
ಗುಂಡಿಯಿದ್ದ ಕಿವಿ ತಾಯಿಯ ಪಕ್ಕೆಯಡಿ ಸಿಕ್ಕಿತ್ತು.
ರಕ್ತ, ಹಾಲು, ಬೆವರು, ಕರಗಿದ ಹಿಮ,
ನಡುವೆ ಇಷ್ಟು ನೀರು,
ಕರೆದ ಕರೆಯನ್ನೆಲ್ಲ ಕುಡಿದುಬಿಟ್ಟಿತ್ತು.
ಗೇಣಳತೆಯ ದೂರಕ್ಕೆ ನನ್ನ ಸೂತ್ರ
ಐವತ್ತಾರು ಮೀಟರು ಎಂದಿತ್ತು.

ಪುಸ್ತಕದಲ್ಲಿ ನಿಜವಾದ ದೂರದ ಕಾಲಮ್ಮಿಗೆ
ಸೊನ್ನೆ ಬರೆಯಹೋದೆ.
ಸೊನ್ನೆಗೆ ಲಾಗರಿದಂ ಇಲ್ಲ;
ಪೆನ್ಸಿಲ್ಲು ಅಲ್ಲೇ ನಿಂತಿತು.
ಹಿಂದೆ ಆಸ್ಲಾತ್ ಶೂ ಬಿಚ್ಚಿ ನೀರು ಸುರಿಯುತ್ತಿದ್ದ, ನಗುತ್ತಿದ್ದ.

ಐದರ ಸುಮಾರಿಗೆ ಕರು ಎದ್ದಿತು.
ಮೈ ಕೊಡವಿ, ಕಾಲು ತೊಡರಿ,
ಪಾಚಿಯ ಕಡೆಗೆ ಮೂರ್ನಾಲ್ಕು ಹೆಜ್ಜೆ.
ಮೈನಸ್ ಐವತ್ತೊಂದು: ಮೂರು ಮೀಟರು.
ಟೇಪು ತಂದಿದ್ದರೆ ಅದೂ ಅಷ್ಟೇ ಹೇಳುತ್ತಿತ್ತು.
ಆ ಇಡೀ ರಾತ್ರಿಯಲ್ಲಿ ಲೆಕ್ಕ ತಾಳೆಯಾದದ್ದು
ಅದು ತಾಯಿಯನ್ನು ಬಿಟ್ಟು ನಡೆದ ಮೇಲೆ.