ಕೊಸರು

ಸಂತೆಪೇಟೆಯ ಮೂಲೆಯಲ್ಲಿ ನಂದು ಹುಣಸೆಹಣ್ಣಿನ ಅಂಗಡಿ.
ಬೀಜ ಬಿಡಿಸಿದ್ದಕ್ಕೆ ಒಂದು ರೇಟು, ಬೀಜ ಸಮೇತ ಇನ್ನೊಂದು.
ಚೀಲದ ತೂಕ ಕಳೆದು ತೂಗು,
ತೂಗಿದ ಮೇಲೆ ಒಂದು ಚಿಟಿಕೆ ಕೊಸರು ಹಾಕು.
ನಮ್ಮತ್ತೆ ಕಲಿಸಿ ಹೋದದ್ದು ಇಷ್ಟೇ.

ಆವತ್ತು ಬೋಣಿಯೂ ಆಗಿರಲಿಲ್ಲ,
ಪೇದೆ ಬಂದು ನಿಂತ.
ಸಿದ್ದಾಜಮ್ಮ, ತಕ್ಕಡಿ ಎತ್ಕೊ.
ಯಾಕಪ್ಪ?
ಮಹಜರಿಗೆ. ನೀನೂ ಬಾ, ಪಂಚರಲ್ಲಿ ಒಬ್ಬರು ಕಮ್ಮಿ.

ಜೀಪಿನಲ್ಲಿ ತಕ್ಕಡಿ ತೊಡೆಯ ಮೇಲೆ,
ಅದರ ಬ್ಯಾಟರಿ ನನ್ನ ಸೆರಗಿನ ಗಂಟಲ್ಲಿ.
ರಿಂಗ್ ರೋಡಿನಾಚೆ, ಸೈಟುಗಲ್ಲು ನೆಟ್ಟು ಮರೆತ ಲೇಔಟು.
ಸ್ಕೂಟರಿನ ಪಕ್ಕ ಕುಕ್ಕರಗಾಲಲ್ಲಿ ಒಬ್ಬ ಹುಡುಗ,
ಒಂದು ಕಾಲಿಗೆ ಚಪ್ಪಲಿ ಇಲ್ಲ.
ಹೆಸರು? ಲಿಖಿತ.
ಬರೆದುಕೊಂಡರು.
ಅಪ್ಪನ ಹೆಸರು ಕೇಳಿದರೆ ಅಮ್ಮನ ಹೆಸರು ಹೇಳಿದ.

ಅಕ್ಕಿಚೀಲ ಕತ್ತರಿಸಿ ಹೊಲಿದ ಗಂಟು,
ಒಳಗೆ ಎರಡು ಸುತ್ತು ಪ್ಲಾಸ್ಟಿಕ್ಕು, ಮೇಲೆ ಕಂದು ಟೇಪು.
ಬಿಚ್ಚಿದರೆ ಮಳೆಗೆ ಮುಗ್ಗಿದ ಹುಲ್ಲುಬಣವೆಯ ವಾಸನೆ.
ಬೀಜ ಇದೆಯಲ್ಲ ಸ್ವಾಮಿ, ಎಲೆಯೂ, ಅಂದೆ,
ಕಸುಬಿನ ಬಾಯಿ ಸುಮ್ಮನಿರಬೇಕಲ್ಲ.
ರೈಟರ್ ತಲೆ ಎತ್ತದೆ ಹೇಳಿದ:
ಹೂವಿನ ಜೊತೆಗಿದ್ದರೆ ಬೀಜವೂ ಗಾಂಜಾ, ಎಲೆಯೂ ಗಾಂಜಾ.
ಬೇರೆಬೇರೆ ಇದ್ದರೆ ಮಾತು ಬೇರೆ.
ಸಹವಾಸಕ್ಕೂ ತೂಕ ಉಂಟು ಅಂತ ಆವತ್ತೇ ತಿಳಿದದ್ದು.

ಮತ್ತೆ ಕಟ್ಟಿ, ಗಂಟಿನ ಸಮೇತ ಇಟ್ಟರು.
ಕೆಂಪು ಅಂಕಿ ಓಲಾಡಿ ಓಲಾಡಿ ನಿಂತಿತು:
ಸಾವಿರದ ಮೂವತ್ತೈದು.
ಚೀಲ ಕಳೀರಿ, ಅಂದೆ.
ಅದೆಲ್ಲ ಆಮೇಲೆ. ಸೈನ್ ಹಾಕಮ್ಮ.
ಸಿ, ದ್ದಾ, ಜ, ಮ್ಮ.
ಹಾಳೆಯ ಅಂಚಿಗೆ ಹುಣಸೆ ಅಂಟಿಕೊಂಡಿತು.

ವಾಪಸು ಬರುವಾಗ ಪೇದೆ, ಕಂಡಕ್ಟರು ಸ್ಟೇಜು ಹೇಳಿದ ಹಾಗೆ:
ಒಂದು ಕೆಜಿವರೆಗೆ, ಹೆಚ್ಚೆಂದರೆ ಒಂದು ವರ್ಷ.
ಅದನ್ನು ದಾಟಿತೋ, ಹತ್ತು ವರ್ಷದವರೆಗೂ ಹೋಗಬಹುದು,
ಮೇಲೆ ಲಕ್ಷದವರೆಗೆ ದಂಡ.
ಇಪ್ಪತ್ತು ಕೆಜಿ ಮುಟ್ಟಿದರೆ ಹತ್ತರಿಂದಲೇ ಶುರು.

ಮೂವತ್ತೈದು ಗ್ರಾಂ.
ನಾನು ದಿನಾ ಬಿಟ್ಟಿ ಹಾಕುವ ಕೊಸರು.

ಅವನೇನು ಹಸುಗೂಸಲ್ಲ.
ನಮ್ಮ ಬೀದಿಯ ಕೊನೆಮನೆಯ ಹುಡುಗ
ಇದೇ ಹೊಗೆ ಕುಡಿದು ತಾಯಿಯ ಕೈ ತಿರುಚಿದಾಗ
ಬಿಡಿಸಲು ಓಡಿದವಳು ನಾನು.
ಮಾರಿದವನ ಕೈಗೆ ಕೋಳ ಬೀಳಲಿ ಅಂತ
ಮಣ್ಣು ತೂರಿದವಳೂ ನಾನೇ.

ಆದರೂ ಆ ರಾತ್ರಿ ಅಂಗಡಿಯ ಬಾಗಿಲು ಎಳೆದು
ಅಕ್ಕಿಚೀಲದ ತುಂಡು, ಎರಡು ಪ್ಲಾಸ್ಟಿಕ್ಕು, ಟೇಪು,
ಅಷ್ಟೇ ದೊಡ್ಡ ಗಂಟು ಕಟ್ಟಿ, ಬರಿದು ಮಾಡಿ ತೂಗಿದೆ.
ನಲವತ್ತೆಂಟು.
ಟೇಪು ಒಂದು ಸುತ್ತು ಕಮ್ಮಿ ಮಾಡಿದೆ. ನಲವತ್ತೊಂದು.
ಚೀಲ ಚಿಕ್ಕದು ಕತ್ತರಿಸಿದೆ. ಇಪ್ಪತ್ತೊಂಬತ್ತು.
ಅವನ ಗಂಟು ಯಾವುದೋ, ಯಾರಿಗೆ ಗೊತ್ತು.

ಎರಡು ವರ್ಷಕ್ಕೆ ಸಮನ್ಸು ಬಂತು.
ಕಟಕಟೆಯಲ್ಲಿ ಅವನು, ಈಗ ಎರಡೂ ಕಾಲಿಗೆ ಚಪ್ಪಲಿ.
ವಕೀಲರು ಕೇಳಿದರು, ಚೀಲದ ತೂಕ ಕಳೆದಿದ್ದರೇ?
ಇಲ್ಲ.
ತಕ್ಕಡಿಗೆ ಆ ಸಾಲಿನ ಮುದ್ರೆ ಬಿದ್ದಿತ್ತೇ?

ಬಿದ್ದಿರಲಿಲ್ಲ. ಮೊಮ್ಮಗಳ ನಾಮಕರಣ, ಮಂಡಿನೋವು,
ಹೋಗೋಣ ಹೋಗೋಣ ಅಂತ ವಾಯಿದೆ ದಾಟಿತ್ತು.
ಅದಕ್ಕೂ ದಂಡ ಉಂಟು. ನನಗೆ.
ಟೈಪಿನ ಹುಡುಗಿಯ ಬೆರಳು ಗಾಳಿಯಲ್ಲೇ ಕಾದಿತ್ತು.
ಬಿದ್ದಿರಲಿಲ್ಲ ಬುದ್ಧಿ, ಅಂದೆ.
ಸರ್ಕಾರಿ ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು.

ತೀರ್ಪು ಏನಾಯಿತೋ ಯಾರೂ ಬಂದು ಹೇಳಲಿಲ್ಲ.
ಬಸ್ ಚಾರ್ಜು ಕೊಟ್ಟು, ಹೋಗಮ್ಮ ಅಂದರು.

ಮೊನ್ನೆ ಅಗ್ರಹಾರದ ಕಡೆಯ ಹೆಂಗಸೊಬ್ಬರು,
ಅರ್ಧ ಕೆಜಿ, ಬೀಜ ಬಿಡಿಸಿದ್ದು.
ತೂಗಿದೆ. ಚಿಟಿಕೆ ಹಿಡಿದ ಬೆರಳು
ತಟ್ಟೆಯ ಮೇಲೆ ಹಾಗೇ ನಿಂತಿತು.
ಏನಮ್ಮ, ಕೊಸರಿಗೂ ಲೆಕ್ಕವಾ? ಅಂದರು, ನಗುತ್ತ.
ಇರಿ ತಾಯಿ, ಅಂದೆ,
ಮೊದಲು ಚೀಲ ಕಳೀತೀನಿ.