ಒತ್ತು

ಮಿಲ್ಲಿನ ಗೋಡೆ ಇನ್ನೂರು ಅಡಿ,
ಅಡಿಗಿಷ್ಟು ಅಂತ ಗುತ್ತಿಗೆ.
ಹೊಡೆದ ಸುಣ್ಣ ಒಣಗಲಿ ಅಂತ
ಡಬ್ಬಿಗಳ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೇನೆ.
ಮಂಡಕ್ಕಿ ಭಟ್ಟಿ ಕಡೆಯಿಂದ ಗಾಳಿ,
ಹಸಿ ಬಿಳುಪಿನ ಮೇಲೆ ಬಂದು ಕೂರುವ ಹೊಟ್ಟಿನ ಮಸಿ.

ಬ್ಯಾನರ್ ಅಂಗಡಿ ಬಂದ ಮೇಲೆ ಅಕ್ಷರ ಬರೆಸುವವರಿಲ್ಲ.
ಗೋಡೆಗಷ್ಟೇ ಇನ್ನೂ ಕೈ ಬೇಕು,
ಗೋಡೆ ಒರಟು, ಯಂತ್ರದ ಬಾಯಿಗೆ ಹಿಡಿಸುವುದಿಲ್ಲ.

ಬುಡೇನ್ ಸಾಬ್ರು ನನಗೆ ಕಾಪಿ ಪುಸ್ತಕ ಕೊಟ್ಟವರಲ್ಲ.
ಬ್ರಷ್ಷು ತೊಳೆಯಲು ಸೇರಿದ್ದ ಹುಡುಗನನ್ನು
ರೈಲ್ವೆ ಗೇಟು ಬಿದ್ದಾಗೆಲ್ಲ ಸೈಕಲ್ಲಿಂದ ಇಳಿಸಿ
"ಳ ನೋಡಲೇ" ಅಂತಿದ್ದರು:
ಕರೆಂಟು ಕಂಬದ ಬಿಗಿತಂತಿಗೆ ಸುತ್ತಿದ ತೊಂಡೆಕುಡಿ.
"ಹೆಂಗೆ ತಿರುಗೈತೆ! ಎಲ್ಲಾದರೂ ಮೊಣಕೈ ಕಾಣ್ತದೇನು?"
ಚರಂಡಿ ಕಲ್ಲಿನ ಸಂದಿಯ ಎಕ್ಕದ ಮೊಗ್ಗು, ಸೊನ್ನೆ.
ಬೆಸುಗೆ ಹುಡುಕು, ಸಿಗದು.
ತುಂಬೆಹೂವಿನ ತುಟಿ, ಕೊಂಬು.
ಗರಿಕೆ ಬಾಗಿದರೆ ತಲೆಕಟ್ಟು.
ಕಾಂಗ್ರೆಸ್ ಗಿಡದ ಎಲೆ ಮಾತ್ರ ಯಾವ ಅಕ್ಷರವೋ
ಅವರಿಗೂ ಹೊಳೆಯಲಿಲ್ಲ.
"ಇಂಗ್ಲಿಷಿಂದಿರಬೇಕು" ಅಂದು ಬೀಡಿ ಹಚ್ಚಿದರು.
ರೈಲು ಹಾಯುವಾಗ ಅಷ್ಟೂ ಅಕ್ಷರ ಒಟ್ಟಿಗೇ ಅಲುಗುತ್ತಿದ್ದವು.
ನನಗೆ ಓದು ಬಂದದ್ದು ಹಾಗೆ,
ಸ್ವಲ್ಪ ನಡುಗುತ್ತ.

ಈಗ ಈ ಗೋಡೆ.
ಬರೆಯಬೇಕಾದ್ದು: ಸ್ವಚ್ಛ ದಾವಣಗೆರೆ.
ದಾರ ಹಿಡಿದು ಗೆರೆ ಹೊಡೆದೆ.
ಚ್ಛ ಬಂದು ಕೂತದ್ದು ಸರಿಯಾಗಿ ಬಿರುಕಿನ ಮೇಲೆ.
ಬಿರುಕಿನಲ್ಲಿ ಅರಳಿ ಸಸಿ,
ಯಾವ ಕಾಗೆಯ ಹಿಕ್ಕೆಯೋ, ನಾಲ್ಕೇ ಎಲೆ.
ನೂಲುವುದು ನಿಂತು ಎಷ್ಟೋ ವರ್ಷವಾದ ಮಿಲ್ಲಿನಲ್ಲಿ
ಇದೊಂದೇ ಇನ್ನೂ ಎಳೆ ತೆಗೆಯುತ್ತಿದೆ, ಗಾರೆಯಿಂದ.

"ಕಿತ್ತು ಬಿಸಾಕಿ ಬರಿ" ಅಂದ ಗುತ್ತಿಗೆದಾರ,
ಬೈಕಿನಿಂದ ಇಳಿಯದೆ.
ಕೈ ಹಾಕಿದೆ.
ಎಲೆಯ ತುದಿಯ ಆ ಬಾಲ...
ದಪ್ಪ ಎಲ್ಲಿ ಸಣ್ಣದಾಯಿತೋ ಕಣ್ಣಿಗೆ ಸಿಗದ ಗೆರೆ,
ಮೂವತ್ತು ವರ್ಷದಲ್ಲಿ ನನಗೆ ಬಂದದ್ದು ಎರಡು ಸಲ,
ಎರಡು ಸಲವೂ ಬ್ರಷ್ಷು ಜಾರಿ.
ಕೈ ತೆಗೆದೆ.

ಒತ್ತು ಬರೆಯಲಿಲ್ಲ. ಸಸಿಗೆ ಬಿಟ್ಟೆ.
ಆಟೋದಲ್ಲಿ ಹೋಗುವವರು ಸರಿಯಾಗೇ ಓದಿಕೊಂಡರು.
ಹತ್ತಿರ ನಿಂತವರಿಗೆ
ಕಾಗುಣಿತ ಗಾಳಿಗೆ ಅಲ್ಲಾಡುತ್ತಿತ್ತು.

ಹನ್ನೊಂದನೇ ದಿನ ಆಡೊಂದು ಮುಂಗಾಲೆತ್ತಿ
ಒತ್ತು ತಿಂದು ಹೋಯಿತು.
ಮೇಷ್ಟ್ರೊಬ್ಬರು ವಿಳಾಸ ಹುಡುಕಿ ಬಂದರು:
"ಏನಪ್ಪಾ, ಊರ ಮುಂದೆ ತಪ್ಪು ಬರೆದೀಯಲ್ಲ."
"ಬರ್ತದೆ ಸರ್" ಅಂದೆ, "ಒಂದು ಮಳೆ ಬೀಳಲಿ."
ಅಷ್ಟರೊಳಗೆ ಬಿಲ್ಲಿನಲ್ಲಿ ಒಂದಕ್ಷರದ ದುಡ್ಡು ಮುರಿದಿದ್ದರು.

ಮೊನ್ನೆ ಆ ದಾರಿಯಲ್ಲಿ ಹೋದೆ.
ದಾ ಅರ್ಧ ಉದುರಿದೆ.
ಬಿರುಕು ಗೇಣುದ್ದ ಮೇಲೆ ಹತ್ತಿದೆ,
ಒತ್ತು ಈಗ ಅಕ್ಷರಕ್ಕಿಂತ ದೊಡ್ಡದು.
ಅದರ ಕೆಳಗೆ, ಮಕ್ಕಳ ಕೈಗೆಟಕುವ ಎತ್ತರದಲ್ಲಿ,
ಯಾರೋ ಇದ್ದಿಲಲ್ಲಿ ಒಂದು ಎಲೆ ಬರೆದಿದ್ದಾರೆ.
ಬಾಗಿ ನೋಡಿದೆ.
ಬಾಲದ ಹತ್ತಿರ ಮೊಣಕೈ ಐತೆ.